ಕೆಳಗಿನ ಸೆಟ್ಟು

ಊರಿನ ಅರ್ಧ ಮುದುಕರು ನಗುವುದು ತನ್ನ ಹಲ್ಲಿನಿಂದ ಎಂದು ಹಲ್ಲಪ್ಪ ಹೇಳಿಕೊಳ್ಳುತ್ತಿದ್ದ. ಮಾತಿಗೆ ಸ್ವಲ್ಪ ಉಪ್ಪುಖಾರ ಹಚ್ಚಿದ್ದು ನಿಜ, ಆದರೆ ಪೂರ್ತಿ ಸುಳ್ಳಲ್ಲ. ಹಲ್ಲಿನ ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಆ ಅಳತೆಯೊಳಗೆ ಬಿಳಿ ಪ್ಲಾಸ್ಟರು ಹೊಯ್ದು ದವಡೆಯ ಅಚ್ಚು ತೆಗೆದು, ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಜೋಡಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಸೆಟ್ಟು ತಯಾರು ಮಾಡುವವನು ಬೇರೆ ಒಬ್ಬ ಇರುತ್ತಾನೆ. ಹಲ್ಲು ಕಟ್ಟಿಸಿಕೊಂಡವರಿಗೆ ಡಾಕ್ಟರ ಮುಖ ಗೊತ್ತು, ಅವನ ಮುಖ ಗೊತ್ತಿರುವುದಿಲ್ಲ. ಹಲ್ಲಪ್ಪ ಆ ಬೇರೆ ಒಬ್ಬ. ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಅದು ಈಗ ಸರ್ಕಾರಿ ಕಾಗದಗಳಲ್ಲಿ ಮತ್ತು ಹೆಂಡತಿಗೆ ಸಿಟ್ಟು ಬಂದಾಗ ಮಾತ್ರ ಹೊರಗೆ ಬರುತ್ತಿತ್ತು.

ಅವನ ಕೆಲಸದ ಕೋಣೆ ಒಂದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಿರಿದಾದ ಮೆಟ್ಟಿಲು, ಮೇಲೆ ಒಂದು ಕಿಟಕಿ, ಕಿಟಕಿಯ ಕೆಳಗೆ ಉದ್ದನೆಯ ಬೆಂಚು. ಬೆಂಚಿನ ಮೇಲೆ ಬಿಳಿ ಪುಡಿ, ಕುರ್ಚಿಯ ಮೇಲೆ ಬಿಳಿ ಪುಡಿ, ರೇಡಿಯೋ ಮೇಲೆ, ಗಡಿಯಾರದ ಮೇಲೆ, ಅವನ ಹುಬ್ಬಿನ ಮೇಲೂ ಬಿಳಿ ಪುಡಿ. ಗೋಡೆಯ ಕಪಾಟಿನಲ್ಲಿ ಮೂವತ್ತು ವರ್ಷದ ದವಡೆಗಳು ಸಾಲಾಗಿ ಕೂತಿದ್ದವು. ಯಾರ ದವಡೆ ಯಾವುದು ಎಂದು ಚೀಟಿ ನೋಡದೆ ಹೇಳುತ್ತಿದ್ದ. ಇದು ಕೋರ್ಟಿನ ಗುಮಾಸ್ತರದ್ದು, ಇದು ಹೂವಿನಂಗಡಿ ಅಜ್ಜಿಯದ್ದು, ಎಡಗಡೆ ಅಗಿಯುವ ಅಭ್ಯಾಸ, ಹಠಮಾರಿ, ಎಂದೆಲ್ಲ ವಿವರಿಸಿ ಬಂದವರ ತಲೆ ತಿನ್ನುತ್ತಿದ್ದ.

ಹದಿನಾರನೇ ವಯಸ್ಸಿನಲ್ಲಿ ಅವನಿಗೆ ಈ ಕೆಲಸ ಕಲಿಸಿದ ಗುರು ಮಹಾ ಸಿಡುಕ. ಹೊಗಳಿದ್ದು ಒಂದೇ ಸಲ, ಅದೂ ಬೇರೆಯವನನ್ನು. ಆದರೆ ಒಂದು ಮಾತು ಕಲಿಸಿ ಸತ್ತಿದ್ದ. ಬೆಂಚಿನ ಮೇಲೆ ಕೂದಲು ಕೂದಲೇ, ಬಾಯೊಳಗೆ ಹೋದರೆ ಅದೇ ಹಗ್ಗ. ಅಂದರೆ ಅಚ್ಚಿನಲ್ಲಿ ಒಂದು ಕೂದಲೆಳೆಯಷ್ಟು ವ್ಯತ್ಯಾಸವಾದರೂ ತಿನ್ನುವವನಿಗೆ ಅದು ಹಗ್ಗದಷ್ಟು ದಪ್ಪ ಎನಿಸುತ್ತದೆ. ಹಲ್ಲಪ್ಪ ಈ ಮಾತನ್ನು ತನ್ನದೇ ಎಂಬಂತೆ ಎಲ್ಲರಿಗೂ ಹೇಳುತ್ತಿದ್ದ. ಹೇಳುವುದು ಸುಲಭ.

ಅವನಿಗೆ ಗೆಳೆಯರು ಎಂದರೆ ಇಬ್ಬರೇ. ಮದುವೆಗೆ ಮುಂಚೆ ಮೂವರೂ ಒಂದೇ ಬಾಡಿಗೆ ಕೋಣೆಯಲ್ಲಿ ಆರು ವರ್ಷ ಇದ್ದವರು. ಒಬ್ಬ ನೀರು ಸರಬರಾಜು ಕಚೇರಿಯ ಗುಮಾಸ್ತ. ಬಾಯಿ ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲವಾದ್ದರಿಂದ ಅವನ ಹೆಸರು ರೇಡಿಯೋ. ಇನ್ನೊಬ್ಬ ಬಸ್ಸಿನ ಡ್ರೈವರ್, ಈಗ ನಿವೃತ್ತ. ಅವನನ್ನು ಡ್ರೈವರ್ ಎಂದೇ ಕರೆಯುತ್ತಿದ್ದರು, ಅವನ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಆಳು ಬಾಗಿಲಿನಷ್ಟು ಅಗಲ, ಮಾತು ಕಡಿಮೆ, ಊಟ ಜಾಸ್ತಿ. ಕೋಳಿ ತಿಂದರೆ ಮೂಳೆಯನ್ನೂ ಪುಡಿ ಮಾಡಿ ನುಂಗುತ್ತಿದ್ದ. ಅವನ ತಟ್ಟೆ ನಂಬಿಕೊಂಡ ಬೀದಿನಾಯಿ ಉಪವಾಸ ಸಾಯಬೇಕು ಎಂದು ರೇಡಿಯೋ ಆಗಲೇ ಹೇಳುತ್ತಿದ್ದ.

ವರ್ಷದ ಕೊನೆಯ ಶುಕ್ರ, ಶನಿ, ಭಾನುವಾರ ಈ ಮೂವರ ಹಬ್ಬ. ಮೂರು ದಿನಕ್ಕೆ ಮೂರು ಊಟ. ಶುಕ್ರವಾರದ ಊಟ ರೇಡಿಯೋ ಹೇಳಿದ ಕಡೆ, ಶನಿವಾರದ್ದು ಹಲ್ಲಪ್ಪ ಹೇಳಿದ ಕಡೆ, ಭಾನುವಾರ ಡ್ರೈವರನ ಮನೆಯಲ್ಲಿ. ಇಪ್ಪತ್ತೆಂಟು ವರ್ಷ ಇದು ತಪ್ಪಿರಲಿಲ್ಲ. ಒಂದು ವರ್ಷ ರೇಡಿಯೋ ಕಾಲು ಮುರಿದುಕೊಂಡು ಮಲಗಿದ್ದಾಗ ಆಸ್ಪತ್ರೆಯ ಮಂಚದ ಸುತ್ತ ಕೂತು ತಿಂದು ನರ್ಸಮ್ಮನ ಕೈಲಿ ಬೈಸಿಕೊಂಡಿದ್ದರು.

ಈ ವರ್ಷ ಮಾತ್ರ ಹಲ್ಲಪ್ಪನಿಗೆ ಆ ಮೂರು ದಿನ ಬರುವುದೇ ಬೇಡವಾಗಿತ್ತು. ಏಕೆಂದು ಹೇಳುತ್ತೇನೆ.

ಎಂಟು ತಿಂಗಳ ಹಿಂದೆ ಡ್ರೈವರನ ಹಲ್ಲುಗಳೆಲ್ಲ ಅಲ್ಲಾಡಿ, ಡಾಕ್ಟರು ಒಂದೊಂದಾಗಿ ಕಿತ್ತು, ಪೂರ್ತಿ ಸೆಟ್ಟು ಕಟ್ಟಿಸಬೇಕೆಂದರು. ಡ್ರೈವರ್ ಬೇರೆ ಮಾತೇ ಆಡಲಿಲ್ಲ, ಕಟ್ಟಿದರೆ ನಮ್ಮವನೇ ಕಟ್ಟಬೇಕು ಎಂದ. ಹಲ್ಲಪ್ಪ ಮೇಲಿನ ಸೆಟ್ಟನ್ನು ಎಷ್ಟು ಚೆನ್ನಾಗಿ ಮಾಡಿದ ಎಂದರೆ, ಮೇಣದಲ್ಲಿ ಕೂರಿಸಿದಾಗ ಹಳೆಯ ಡ್ರೈವರ್ ನಕ್ಕಂತೆಯೇ ಕಂಡಿತು. ಕೆಳಗಿನದರ ಅಚ್ಚನ್ನು ಅಳತೆಯಿಂದ ಬಿಡಿಸುವಾಗ ಕೈ ಸ್ವಲ್ಪ ತಿರುಗಿತು. ಟಕ್ಕೆಂದು ಅಚ್ಚು ಎರಡಾಯಿತು.

ಅಚ್ಚು ಮುರಿಯುವುದು ಲೋಕದಲ್ಲಿ ಇಲ್ಲದ್ದೇನಲ್ಲ. ಮುರಿದರೆ ಡಾಕ್ಟರಿಗೆ ಹೇಳಬೇಕು, ಅವರು ಮತ್ತೆ ಅಳತೆ ತೆಗೆಯುತ್ತಾರೆ, ಒಂದು ವಾರ ತಡವಾಗುತ್ತದೆ, ಅಷ್ಟೇ. ಆದರೆ ಆ ತಿಂಗಳಲ್ಲಿ ಆಗಲೇ ಎರಡು ಅಚ್ಚು ಅವನ ಕೈಯಲ್ಲಿ ಮುರಿದಿದ್ದವು. ಎರಡನೆಯದಕ್ಕೆ ಡಾಕ್ಟರು ಏನೂ ಬೈಯದೆ, ಕಣ್ಣು ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು ಎಂದು ಮೆಲ್ಲಗೆ ಕೇಳಿದ್ದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಮೂರನೆಯದು ಮುರಿಯಿತು ಎಂದರೆ, ಹಲ್ಲಪ್ಪನಿಗೆ ವಯಸ್ಸಾಯಿತು, ಕೈ ನಡುಗುತ್ತದೆ ಎಂದು ಊರೆಲ್ಲ ಡಂಗುರ. ಅವನು ಎರಡು ತುಂಡನ್ನೂ ಅಂಟು ಹಾಕಿ ಜೋಡಿಸಿದ. ಬೆಳಕಿಗೆ ಹಿಡಿದು ನೋಡಿದ. ಒಂದು ಕೂದಲೆಳೆಯಷ್ಟು ಗೆರೆ ಇತ್ತು, ಒಂದು ಕೂದಲೆಳೆಯಷ್ಟು ಎತ್ತರ ತಗ್ಗು ಇತ್ತು. ಗುರುವಿನ ಮಾತು ನೆನಪಾಗಲಿಲ್ಲ ಎಂದು ಹೇಳುವಂತಿಲ್ಲ, ಚೆನ್ನಾಗಿಯೇ ನೆನಪಾಯಿತು. ಆದರೂ ಅದೇ ಅಚ್ಚಿನ ಮೇಲೆ ಸೆಟ್ಟು ಬೇಯಿಸಿ, ಗೆರೆಯನ್ನು ಉಜ್ಜಿ ನಯ ಮಾಡಿ, ಡಬ್ಬಿಯಲ್ಲಿಟ್ಟು ಕಳಿಸಿದ.

ಡಾಕ್ಟರು ಸೆಟ್ಟು ಹಾಕಿದ ದಿನ ಸಂಜೆ ಡ್ರೈವರ್ ಫೋನು ಮಾಡಿ, ಬಾಯಲ್ಲಿ ಚೆನ್ನಾಗಿ ಕೂತಿದೆ ಎಂದ. ಹಲ್ಲಪ್ಪ ಉಸಿರು ಬಿಟ್ಟ. ಅವತ್ತಿನಿಂದ ಎಂಟು ತಿಂಗಳು ಗೆಳೆಯನ ಮುಖ ನೋಡಲು ಹೋಗಲಿಲ್ಲ. ಊರಿನ ಆ ತುದಿ, ಕೆಲಸದ ಒತ್ತಡ, ಮೊಣಕಾಲು ನೋವು. ನೆಪಗಳಿಗೆ ಬರವೇ?

ಶುಕ್ರವಾರ ಸಂಜೆ ರೇಡಿಯೋ ಆರಿಸಿದ್ದು ಬಸ್ ನಿಲ್ದಾಣದ ಎದುರಿನ ಊಟದ ಮನೆ. ಗೋಡೆಯುದ್ದಕ್ಕೂ ಕನ್ನಡಿ, ಅಲ್ಲಾಡುವ ಮೇಜು, ಒಳಗಿನಿಂದ ಹುರಿಯುವ ವಾಸನೆ. ಡ್ರೈವರ್ ಮೊದಲೇ ಬಂದು ಮೂಲೆಯಲ್ಲಿ ಕೂತಿದ್ದ. ಹಲ್ಲಪ್ಪನನ್ನು ನೋಡಿದ ಕೂಡಲೇ ಎದ್ದು ಬಾಯಿ ಪೂರ್ತಿ ಬಿಟ್ಟು ನಕ್ಕ, ನೋಡು ನಿನ್ನ ಕೆಲಸವನ್ನು ಎಂಬಂತೆ. ಹಲ್ಲು ಹೊಳೆಯುತ್ತಿತ್ತು. ಆದರೆ ಬಾಗಿಲಿನಷ್ಟು ಅಗಲವಿದ್ದವನ ಅಂಗಿ ಕತ್ತಿನ ಹತ್ತಿರ ಸಡಿಲವಾಗಿತ್ತು. ಹಲ್ಲಪ್ಪ ಅದನ್ನೂ ನೋಡಿದ.

ರೇಡಿಯೋ ಹುರಿದ ಕೋಳಿ ಹೇಳಿದ, ಹಲ್ಲಪ್ಪನೂ ಅದನ್ನೇ ಹೇಳಿದ. ಡ್ರೈವರ್ ಒಂದು ಸೂಪು, ಎರಡು ತುಂಡು ಬ್ರೆಡ್ಡು ಸಾಕೆಂದ. ರೇಡಿಯೋ ಬಿಡುತ್ತಾನೆಯೇ? ಕೆಲಸ ಬಿಟ್ಟ ಮೇಲೆ ಹೊಟ್ಟೆಗೂ ನಿವೃತ್ತಿಯೋ, ಅಥವಾ ಹೊಸ ಹಲ್ಲು ಸವೆದೀತೆಂದು ಜೋಪಾನವೋ ಎಂದು ಶುರು ಮಾಡಿದ. ಡ್ರೈವರ್ ನಗುತ್ತ, ಈಗೀಗ ಹಸಿವೇ ಕಡಿಮೆ ಎಂದ. ಬ್ರೆಡ್ಡನ್ನು ಸೂಪಿನಲ್ಲಿ ಅದ್ದಿ, ನೆನೆದ ಮೇಲೆ ಬಾಯಿಗಿಟ್ಟು, ಬಲಗಡೆಯಲ್ಲೇ ಮೆಲ್ಲಗೆ ಆಡಿಸುತ್ತಿದ್ದ. ನಾಲಿಗೆ ಎಡಗಡೆಯ ಸೆಟ್ಟನ್ನು ಒಳಗಿನಿಂದ ಅದುಮಿ ಹಿಡಿದಿತ್ತು. ಬೇರೆ ಯಾರಿಗೂ ಅದು ಕಾಣುವುದಿಲ್ಲ. ಮೂವತ್ತು ವರ್ಷ ದವಡೆ ನೋಡಿದವನಿಗೆ ಕಾಣದಿರುವುದು ಹೇಗೆ? ಅಚ್ಚು ಮುರಿದದ್ದೂ ಎಡಗಡೆಯೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಲ್ಲಪ್ಪ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ. ಹೆಗಲು ಮುಟ್ಟಿಕೊಳ್ಳುವ ಬದಲು ತಾನೇ ಕಳ್ಳ ಕಳ್ಳ ಎಂದು ಕೂಗತೊಡಗಿದ. ರೇಡಿಯೋಗಿಂತ ದೊಡ್ಡ ದನಿಯಲ್ಲಿ ಡ್ರೈವರನನ್ನು ಛೇಡಿಸಿದ. ಮೇಜಿನ ಮೇಲಿದ್ದ ಹುರಿದ ಕಡಲೆಯ ಬಟ್ಟಲನ್ನು ಅವನ ಮುಂದೆ ತಳ್ಳಿದ.

“ಹಲ್ಲಿದ್ದಾಗ ಕಡಲೆ ಇರ್ಲಿಲ್ಲ, ಕಡಲೆ ಇದ್ದಾಗ ಹಲ್ಲಿರ್ಲಿಲ್ಲ ಅಂತಾರೆ. ನಿಂಗೆ ಎರಡೂ ಇದೆಯಲ್ಲೋ. ತಿನ್ನೋಕೇನು ಧಾಡಿ?”

ಪಕ್ಕದ ಮೇಜಿನವರೂ ನಕ್ಕರು. ಡ್ರೈವರ್ ಬಟ್ಟಲಿನಿಂದ ನಾಲ್ಕು ಕಡಲೆ ಆರಿಸಿ ತೆಗೆದು ಬಾಯಿಗೆ ಹಾಕಿಕೊಂಡ. ಅಗಿದ. ಅವನ ಕಣ್ಣಿನಲ್ಲಿ ನೀರು ತುಂಬಿತು. ಸೂಪಿಗೆ ಮೆಣಸು ಜಾಸ್ತಿ ಹಾಕಿದ್ದಾರೆ ಎಂದು ಕರವಸ್ತ್ರದಿಂದ ಒರೆಸಿಕೊಂಡ. ಹಲ್ಲಪ್ಪ ತಲೆ ತಗ್ಗಿಸಿ ತನ್ನ ಕೋಳಿ ತಿಂದ. ಪೂರ್ತಿ ತಿಂದ, ಅದನ್ನೂ ಹೇಳಬೇಕು. ನಾಚಿಕೆಯಾದರೆ ಹಸಿವು ಸಾಯುತ್ತದೆ ಎಂದು ಯಾರು ಹೇಳಿದರೋ, ಅವತ್ತು ಅವನ ಹೊಟ್ಟೆಗೆ ಅದು ತಿಳಿದಿರಲಿಲ್ಲ.

ಶನಿವಾರ ಬೆಳಿಗ್ಗೆ ಎದ್ದಾಗ ಮಾತ್ರ ಎದೆಯ ಮೇಲೆ ಕಲ್ಲಿಟ್ಟಂತಿತ್ತು. ಹೆಂಡತಿ ತಂಗಿಯ ಮನೆಗೆ ಹೋಗಿದ್ದಳು, ಮಾತಾಡಲು ಜನವಿಲ್ಲ. ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತ, ಇವತ್ತು ಹೇಳಿಬಿಡುತ್ತೇನೆ ಎಂದು ತೀರ್ಮಾನ ಮಾಡಿದ. ಅಂಟು ಹಾಕಿದೆ, ತಪ್ಪಾಯಿತು, ಬೇರೆ ಮಾಡಿಕೊಡುತ್ತೇನೆ. ಮೂರು ಮಾತು. ಮೂರು ಮಾತು ಆಡಲು ಯಾವ ಮಹಾ ಧೈರ್ಯ ಬೇಕು? ಹೊಳೆಯ ದಡದ ಮೀನಿನ ಊಟದ ಮನೆಯನ್ನು ಆರಿಸಿದ, ಮೀನು ಮೆತ್ತಗಿರುತ್ತದೆ ಎಂದು. ತಪ್ಪು ಒಪ್ಪಿಕೊಳ್ಳುವ ಮುಂಚೆಯೇ ಅರ್ಧ ಪರಿಹಾರ ಕೊಟ್ಟ ಹಾಗೆ ಅವನಿಗೆ ಹಾಯೆನಿಸಿತು.

ಡ್ರೈವರ್ ಮೀನನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ತಿಂದ, ಹಿಂದಿನ ದಿನಕ್ಕಿಂತ ವಾಸಿ. ಹಲ್ಲಪ್ಪ ಗಂಟಲು ಸರಿ ಮಾಡಿಕೊಂಡು ಬಾಯಿ ತೆರೆಯುವ ಹೊತ್ತಿಗೆ ಊಟದ ಮನೆಯ ಯಜಮಾನಿ ಬಂದು ರುಚಿ ಹೇಗಿದೆ ಎಂದು ವಿಚಾರಿಸಿದಳು. ಗಟ್ಟಿ ಹೆಂಗಸು, ಮೂವರನ್ನೂ ಬಲ್ಲವಳು. ಡ್ರೈವರನ ಮುಖ ನೋಡಿ, ಹಲ್ಲು ಎಷ್ಟು ಚೆನ್ನಾಗಿದೆ, ಎಲ್ಲಿ ಮಾಡಿಸಿದಿರಿ ಎಂದಳು. ತನ್ನ ತಾಯಿಗೂ ಕಟ್ಟಿಸಬೇಕಾಗಿದೆಯಂತೆ.

ಡ್ರೈವರ್ ಹಲ್ಲಪ್ಪನ ಭುಜದ ಮೇಲೆ ಕೈ ಹಾಕಿದ. “ಇವನೇ ಮಾಡಿದ್ದು. ಇವನ ಕೈಗೆ ಸಮ ಇನ್ನೊಂದ್ ಕೈ ಇಲ್ಲ ಕಣಮ್ಮ. ಕಣ್ಮುಚ್ಕೊಂಡು ಕೊಡು.”

ಯಜಮಾನಿ ಹಲ್ಲಪ್ಪನ ಫೋನ್ ನಂಬರು ಬರೆದುಕೊಂಡಳು. ಹಲ್ಲಪ್ಪ ಹೇಳಿದ ಅಂಕಿಗಳಲ್ಲಿ ಒಂದು ತಪ್ಪಿತು, ಮತ್ತೆ ಹೇಳಬೇಕಾಯಿತು. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಇಷ್ಟೆಲ್ಲ ಹೊಗಳಿದ ಮೇಲೆ ಈಗ ಹೇಳಿದರೆ ಅವನ ಮಾತಿಗೇ ಅವಮಾನವಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಹೇಡಿಗೆ ನ್ಯಾಯ ಹುಡುಕಿಕೊಳ್ಳುವಷ್ಟು ಬುದ್ಧಿ ಯಾವಾಗಲೂ ಇರುತ್ತದೆ.

ಊಟದ ನಡುವೆ ಡ್ರೈವರ್ ಎರಡು ಸಲ ಕೈ ತೊಳೆಯಲು ಎದ್ದು ಹೋದ. ಎರಡನೆಯ ಸಲ ಹಲ್ಲಪ್ಪ ಹಿಂದೆಯೇ ಹೋದ. ಡ್ರೈವರ್ ತೊಟ್ಟಿಯ ಮೇಲೆ ಬಗ್ಗಿ, ಕೆಳಗಿನ ಸೆಟ್ಟನ್ನು ಅಂಗೈಯಲ್ಲಿ ಹಿಡಿದು ಬಾಯಿ ಮುಕ್ಕಳಿಸುತ್ತಿದ್ದ. ಉಗುಳಿದ ನೀರು ಕೆಂಪಗಿತ್ತು. ಕನ್ನಡಿಯಲ್ಲಿ ಇಬ್ಬರ ಕಣ್ಣೂ ಕೂಡಿದವು. ಡ್ರೈವರ್ ಅವಸರದಿಂದ ನಲ್ಲಿ ತಿರುಗಿಸಿ ಕೆಂಪನ್ನು ತೊಳೆದು, ಸೆಟ್ಟನ್ನು ಬಾಯಿಗೆ ಸೇರಿಸಿದ, ತಪ್ಪು ಮಾಡುತ್ತ ಸಿಕ್ಕಿಬಿದ್ದವನು ತಾನೇ ಎಂಬಂತೆ.

“ನಿನ್ ಹಲ್ಲಿಂದೇನೂ ಇಲ್ಲ ಕಣೋ. ನನ್ನ ಒಸಡೇ ಸರಿಯಿಲ್ಲ.”

ಇದಕ್ಕಿಂತ ಒಳ್ಳೆಯ ಗಳಿಗೆ ಯಾರಿಗಾದರೂ ಸಿಗುತ್ತದೆಯೇ? ಇಬ್ಬರೇ ಇದ್ದರು. ರೇಡಿಯೋ ದೂರದಲ್ಲಿದ್ದ. ನಲ್ಲಿ ಬಿಟ್ಟರೆ ಸದ್ದಿಲ್ಲ. ಹಲ್ಲಪ್ಪನ ಬಾಯಿಂದ ಬಂದದ್ದು, ಉಪ್ಪು ನೀರಲ್ಲಿ ಮುಕ್ಕಳಿಸು, ಎರಡು ದಿನದಲ್ಲಿ ಸರಿಹೋಗುತ್ತೆ, ಎನ್ನುವ ಮಾತು. ಡ್ರೈವರ್ ಆಗಲಿ ಎಂದು ತಲೆಯಾಡಿಸಿದ. ಅವನು ಹೊರಗೆ ಹೋದ ಮೇಲೆ ಹಲ್ಲಪ್ಪ ಕನ್ನಡಿಯ ಕಡೆ ನೋಡದೆ ಕೈ ತೊಳೆದುಕೊಂಡ. ಥೂ ನಿನ್ನ ಜನ್ಮಕ್ಕೆ, ಎಂದು ತೊಟ್ಟಿಗೆ ಹೇಳಿದ.

ಭಾನುವಾರ ಅವನು ಹೊಸ ಉಪಾಯ ಹೂಡಿಕೊಂಡು ಹೊರಟ. ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಅರ, ಮರಳುಕಾಗದದ ತುಂಡು. ಊಟವಾದ ಮೇಲೆ ಡ್ರೈವರ್ ಸೆಟ್ಟು ತೆಗೆದಿಟ್ಟು ಒಂದು ಗಳಿಗೆ ಮಲಗುತ್ತಾನಲ್ಲ, ಆಗ ಎತ್ತಿಕೊಂಡು ಎಡಗಡೆಯ ಅಂಚನ್ನು ಉಜ್ಜಿಬಿಡುವುದು. ಯಾರಿಗೂ ಗೊತ್ತಾಗಬೇಕಾಗಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಡ್ರೈವರನ ಮನೆಯಲ್ಲಿ ಬೆಳಗಿನಿಂದಲೇ ಒಲೆ ಉರಿಯುತ್ತಿತ್ತು. ಮುಂದಿನ ಕೋಣೆಯಲ್ಲಿ ಎರಡು ಮೇಜು ಸೇರಿಸಿ ಬಟ್ಟೆ ಹಾಸಿದ್ದರು. ಅತ್ತಿಗೆ, ಅಂದರೆ ಡ್ರೈವರನ ಹೆಂಡತಿ, ಬೆವರು ಒರೆಸಿಕೊಳ್ಳುತ್ತ ಬಂದು ಇಬ್ಬರನ್ನೂ ಕೂರಿಸಿ, ಹೆಂಡತಿಯರನ್ನು ಯಾಕೆ ಕರೆತರಲಿಲ್ಲ ಎಂದು ಪ್ರತಿ ವರ್ಷದಂತೆ ಬೈದು ಒಳಗೆ ಹೋದಳು. ರೇಡಿಯೋ ಕಚೇರಿಯ ಕತೆ ಶುರು ಮಾಡಿದ. ಹಲ್ಲಪ್ಪ ಕೈಕಾಲು ತೊಳೆದು ಬರುತ್ತೇನೆಂದು ಎದ್ದು ಬಚ್ಚಲುಮನೆಗೆ ಹೋದ.

ಕಿಟಕಿಯ ಹಲಗೆಯ ಮೇಲೆ, ಸೋಪಿನ ಪಕ್ಕ, ಒಂದು ಗಾಜಿನ ಲೋಟವಿತ್ತು. ಅದರ ನೀರಿನಲ್ಲಿ ಒಂದು ಸೆಟ್ಟು ಹಲ್ಲು. ಹಲ್ಲಪ್ಪನ ಕೈ ತಾನಾಗಿ ಜೇಬಿನ ಅರದ ಕಡೆ ಹೋಯಿತು. ಅಷ್ಟರಲ್ಲಿ ಮುಂದಿನ ಕೋಣೆಯಿಂದ ಡ್ರೈವರನ ಮಾತು ಕೇಳಿಸಿತು. ಹಲ್ಲಿಲ್ಲದವನ ಮಾತಲ್ಲ, ಬಾಯಿ ತುಂಬ ಹಲ್ಲಿರುವವನ ಮಾತು.

ಅವನು ಲೋಟದಿಂದ ಸೆಟ್ಟನ್ನು ತೆಗೆದು ಬೆಳಕಿಗೆ ಹಿಡಿದ. ಒಸಡಿನ ಬಣ್ಣ ಬೇರೆ. ಹಲ್ಲಪ್ಪ ಮುಂದಿನ ಹಲ್ಲುಗಳನ್ನು ಯಾವತ್ತೂ ಒಂದಿಷ್ಟು ಓರೆಯಾಗಿ ಕೂರಿಸುತ್ತಿದ್ದ, ನಿಜವಾದ ಬಾಯಂತೆ ಕಾಣಲಿ ಎಂದು. ಇವು ಸಾಲಾಗಿ ನೆಟ್ಟಗೆ ನಿಂತಿದ್ದವು. ಬೇರೆ ಯಾರದೋ ಕೈ. ಬಲಗಡೆ ಎಡಗಡೆ ಎರಡೂ ಸಮನಾಗಿ ಸವೆದಿತ್ತು. ದಿನಾ ಮೂರು ಹೊತ್ತು ಊಟ ಕಂಡ ಹಲ್ಲು ಅದು.

ಟವೆಲು ಕೊಡಲು ಬಂದ ಅತ್ತಿಗೆ ಬಾಗಿಲಲ್ಲೇ ನಿಂತಳು. ಅವನ ಕೈಯಲ್ಲಿದ್ದದ್ದನ್ನು ನೋಡಿ ಅವಳ ಮುಖ ಬಾಡಿತು. ಒಳಗೆ ಎತ್ತಿಡಬೇಕೆಂದಿದ್ದೆ, ಅಡುಗೆ ಗಡಿಬಿಡಿಯಲ್ಲಿ ಮರೆತೆ ಎಂದಳು. ಆಮೇಲೆ ದನಿ ತಗ್ಗಿಸಿ ಎಲ್ಲ ಹೇಳಿದಳು. ಮೊದಲ ನಾಲ್ಕು ತಿಂಗಳು ಅವರು ಗಂಜಿ ಕುಡಿದೇ ಕಳೆದರಂತೆ. ಒಸಡು ಹುಣ್ಣಾಗಿ ಜ್ವರ ಬಂತಂತೆ. ಕೊನೆಗೆ ಅವಳೇ ಅತ್ತು ಕರೆದು, ಪಕ್ಕದ ಊರಿನ ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಇದನ್ನು ಮಾಡಿಸಿದಳಂತೆ. ಹಳೆಯದು ಯಾರು ಮಾಡಿದ್ದು ಎಂದು ಆ ಡಾಕ್ಟರು ಕೇಳಿದರೆ ಇವರು ಹೆಸರು ಹೇಳಲೇ ಇಲ್ಲವಂತೆ.

“ದಿನಾ ಇದೇ ಹಾಕ್ಕೊಳ್ಳೋದಣ್ಣ. ಶುಕ್ರವಾರ ತೆಗೆದಿಟ್ರು. ನೀವು ನೋಡಿದ ತಕ್ಷಣ ಗೊತ್ತು ಮಾಡ್ಕೋತೀರಿ, ನೊಂದ್ಕೋತೀರಿ, ಮೂರು ದಿನ ತಾನೆ, ಹೇಗೋ ತಡ್ಕೋತೀನಿ ಅಂದ್ರು.” ಅವಳು ಟವೆಲು ಮುಂದೆ ಹಿಡಿದಳು. “ನೀವು ನೋಡಿದ್ದು ಅವರಿಗೆ ಹೇಳ್ಬೇಡಿ. ಹಲ್ಲು ಕಿತ್ತ ಹೊಸದ್ರಲ್ಲಿ ಅವರ ಒಸಡೇ ಹಾಗಿತ್ತು, ನೀವೇನ್ ಮಾಡೋಕಾಗುತ್ತೆ?”

ಹಲ್ಲಪ್ಪ ಹೇಳುವುದಿಲ್ಲ ಎಂದು ತಲೆಯಾಡಿಸಿದ. ಸೆಟ್ಟನ್ನು ನೀರಿಗೆ ಬಿಟ್ಟ. ಮುಖಕ್ಕೆ ನೀರು ಹಾಕಿಕೊಂಡ, ಟವೆಲಿನಲ್ಲಿ ಮುಖ ಮುಚ್ಚಿ ಬಹಳ ಹೊತ್ತು ನಿಂತ. ಶುಕ್ರವಾರ ಕಡಲೆ ತಳ್ಳಿದ್ದು ನೆನಪಾಯಿತು. ಪಕ್ಕದ ಮೇಜಿನವರ ನಗು ನೆನಪಾಯಿತು. ಉಪ್ಪು ನೀರು ನೆನಪಾಯಿತು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎಂದು ಜನ ಹೇಳುವುದನ್ನು ಅವನು ಬರೀ ಮಾತು ಎಂದುಕೊಂಡಿದ್ದ. ಆ ಬಚ್ಚಲಿನ ನೆಲ ಬಾಯಿ ಬಿಟ್ಟಿದ್ದರೆ ಅವತ್ತು ಅವನು ನಿಜವಾಗಿ ಇಳಿದುಹೋಗುತ್ತಿದ್ದ. ಅದೇ ಹೊತ್ತಿಗೆ ಇನ್ನೊಂದು ಯೋಚನೆಯೂ ಬಂತು, ಅದನ್ನು ಮುಚ್ಚಿಡಬಾರದು. ಇನ್ನು ಏನನ್ನೂ ಹೇಳಬೇಕಾಗಿಲ್ಲ ಎಂಬ ಯೋಚನೆ. ಡ್ರೈವರನಿಗೆ ಒಳ್ಳೆಯ ಹಲ್ಲು ಸಿಕ್ಕಿದೆ, ತಪ್ಪು ಒಸಡಿನದು ಎಂದು ಮನೆಯವರೇ ತೀರ್ಮಾನಿಸಿದ್ದಾರೆ, ಸುಮ್ಮನಿರು ಎಂದು ಅತ್ತಿಗೆಯೇ ಕೇಳಿಕೊಂಡಿದ್ದಾಳೆ. ಇವತ್ತೊಂದು ಊಟ ಮುಗಿದರೆ ಎಲ್ಲ ಮುಗಿಯಿತು.

ಮೇಜಿನ ಮೇಲೆ ಬಡಿಸಿದ್ದರು. ನಡುವೆ ಇಡೀ ಕೋಳಿ, ಸುತ್ತ ಆಲೂಗಡ್ಡೆ, ಹುರಿದ ಮಾಂಸ, ಗಟ್ಟಿ ಹೊರಪದರದ ಬ್ರೆಡ್ಡು, ಹೆಚ್ಚಿದ ಹಣ್ಣು. ಇಷ್ಟನ್ನೂ ಮಾಡಿಸಿದ ಡ್ರೈವರ್ ತನ್ನ ತಟ್ಟೆಗೆ ಆಲೂಗಡ್ಡೆ ಹಾಕಿಕೊಂಡು ಚಮಚದಲ್ಲಿ ಹಿಸುಕುತ್ತಿದ್ದ. ರೇಡಿಯೋ ನೋಡುವಷ್ಟು ನೋಡಿದ. ಅವನು ಕೆಟ್ಟವನಲ್ಲ, ನಾಲಿಗೆಗೆ ಬ್ರೇಕಿಲ್ಲ ಅಷ್ಟೇ. ಹಲ್ಲಪ್ಪ ಕಟ್ಟಿದ ಹಲ್ಲು ಫೋಟೋಕ್ಕೆ ಚೆನ್ನ, ಊಟಕ್ಕಲ್ಲ ಎಂದ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಬಂದವರಿಗೆ ತೋರಿಸು ಎಂದ.

ಡ್ರೈವರನ ಮುಖ ಬಿಗಿಯಿತು. ಮೂರು ದಿನದಲ್ಲಿ ಮೊದಲ ಸಲ ಅವನಿಗೆ ಸಿಟ್ಟು ಬಂದಿತ್ತು. “ನನ್ನ ಹೊಟ್ಟೆ ವಿಷಯಕ್ಕೆ ಏನಾದ್ರೂ ಅನ್ನು. ಅವನ ಕೆಲಸಕ್ಕೆ ಹೆಸರಿಡ್ಬೇಡ.” ಎಂದವನು ಚಮಚ ಕೆಳಗಿಟ್ಟು, ಕೋಳಿಯ ಒಂದು ಕಾಲನ್ನು ಕಿತ್ತುಕೊಂಡು ಬಾಯಿಗೆ ಹಿಡಿದ. ಕಚ್ಚಿದ. ಕತ್ತಿನ ನರ ಉಬ್ಬಿತು. ಅತ್ತಿಗೆ ಬೇರೆ ಕಡೆ ಮುಖ ತಿರುಗಿಸಿದಳು.

ಹಲ್ಲಪ್ಪ ಕೈ ಚಾಚಿ ಆ ಕಾಲನ್ನು ಅವನ ಕೈಯಿಂದ ಕಿತ್ತುಕೊಂಡ.

“ಸಾಕು ಬಿಡೋ. ಒಳಗೆ ಹೋಗಿ ಲೋಟದಲ್ಲಿರೋದು ಹಾಕ್ಕೊಂಡು ಬಾ. ನಾನು ನೋಡಿದೆ.” ರೇಡಿಯೋ ಒಬ್ಬೊಬ್ಬರ ಮುಖವನ್ನೂ ನೋಡತೊಡಗಿದ. ಹಲ್ಲಪ್ಪ ಕೋಳಿಯ ಕಾಲನ್ನು ಮೇಜಿನ ಮೇಲಿಟ್ಟು ಮುಂದುವರಿಸಿದ. “ನಿನ್ನ ಒಸಡಲ್ಲೇನೂ ದೋಷ ಇಲ್ಲ. ಕೆಳಗಿನ ಅಚ್ಚು ನನ್ನ ಕೈಲಿ ಮುರೀತು. ಅಂಟು ಹಾಕಿ ಅದರ ಮೇಲೇ ಮಾಡಿಕೊಟ್ಟೆ. ಸರಿ ಬರಲ್ಲ ಅಂತ ಗೊತ್ತಿತ್ತು.”

ಅತ್ತಿಗೆಯ ಕೈಯಲ್ಲಿದ್ದ ಬಟ್ಟಲು ಮೇಜಿನ ಮೇಲೆ ಕೂತಿತು. ರೇಡಿಯೋ ಬಾಯಿ ಮುಚ್ಚಿದ್ದ, ನಲವತ್ತು ವರ್ಷದ ಗೆಳೆತನದಲ್ಲಿ ಮೊದಲ ಸಲ. ಡ್ರೈವರ್ ಮಾತ್ರ ಅಷ್ಟಕ್ಕೆಲ್ಲ ಏನಂತೆ ಎಂಬಂತೆ ಮೆಲ್ಲಗೆ ನಕ್ಕ. ಮುರಿಯುವುದು ಯಾರ ಕೈಲಾದರೂ ಮುರಿಯುತ್ತದೆ ಎಂದು ಸಮಾಧಾನ ಹೇಳಲು ಹೊರಟ. ಅರ್ಧಕ್ಕೆ ಅವನಿಗೆ ಕೊನೆಯ ಮಾತು ತಾಗಿತು. ನಗು ಇಳಿಯಿತು.

“ಗೊತ್ತಿತ್ತಾ?”

“ಗೊತ್ತಿತ್ತು.”

“ಮೊನ್ನೆ ಕಡಲೆ ಕೊಟ್ಟಾಗ್ಲೂ?”

ಹಲ್ಲಪ್ಪ ಹೌದೆಂದು ತಲೆಯಾಡಿಸಿದ. ಡ್ರೈವರ್ ಎದ್ದು ಒಳಗೆ ಹೋದ. ಬಚ್ಚಲಿನಲ್ಲಿ ನೀರಿನ ಸದ್ದು ಕೇಳಿಸಿತು. ಬರುವುದಿಲ್ಲವೇನೋ ಎನ್ನಿಸುವಷ್ಟು ಹೊತ್ತು ಅವನು ಒಳಗಿದ್ದ.

ಬಂದು ತನ್ನ ಜಾಗದಲ್ಲಿ ಕೂತ. ಕೋಳಿಯ ಕಾಲನ್ನು ಮತ್ತೆ ತಟ್ಟೆಗೆ ಎಳೆದುಕೊಂಡು ತಿನ್ನತೊಡಗಿದ. ಎರಡೂ ಕಡೆ ಅಗಿದ. ಮಾಂಸ ಮುಗಿಸಿ, ಮೂಳೆಯ ತುದಿಯನ್ನು ಕಟಕ್ಕೆಂದು ಕಚ್ಚಿದ. ಬ್ರೆಡ್ಡು ತೆಗೆದುಕೊಂಡ, ಹುರಿದ ಮಾಂಸ ಹಾಕಿಸಿಕೊಂಡ, ಇನ್ನೂ ಹಾಕು ಎಂದು ಹೆಂಡತಿಗೆ ಸನ್ನೆ ಮಾಡಿದ. ಮೂರು ದಿನದ ಹಸಿವು ಅದು. ಹಲ್ಲಪ್ಪನ ಕಡೆ ನೋಡಲೇ ಇಲ್ಲ. ಹಲ್ಲಪ್ಪ ಅವನ ದವಡೆಯನ್ನು ನೋಡುತ್ತಿದ್ದ. ಯಾರೋ ಗುರುತಿಲ್ಲದವನ ಕೆಲಸ, ಚೊಕ್ಕ ಕೆಲಸ, ಎಲ್ಲೂ ಕದಲಲಿಲ್ಲ.

ಬಹಳ ಹೊತ್ತಿನ ಮೇಲೆ ಡ್ರೈವರ್ ತಟ್ಟೆಯಿಂದ ತಲೆಯೆತ್ತದೆ ಹೇಳಿದ. “ಎಂಟು ತಿಂಗಳು ನನ್ನ ಬಾಯನ್ನೇ ನಾನು ಬೈಕೊಂಡಿದ್ನಲ್ಲೋ.”

ಸಿಟ್ಟಿನಿಂದ ಹೇಳಲಿಲ್ಲ. ಡ್ರೈವರ್ ಕೈ ಚಾಚಿ, ಕೋಳಿಯ ಇನ್ನೊಂದು ಕಾಲನ್ನು ಕಿತ್ತು ಹಲ್ಲಪ್ಪನ ತಟ್ಟೆಗೆ ಹಾಕಿದ. ತಿನ್ನು ಎಂದ. ಎಲ್ಲರೂ ತಿನ್ನುತ್ತಿದ್ದರು, ತಿನ್ನದೆ ಕೂರುವಂತಿರಲಿಲ್ಲ. ಹಲ್ಲಪ್ಪ ಒಂದು ತುಂಡು ಬಾಯಿಗಿಟ್ಟುಕೊಂಡ. ಅವನ ಬಾಯಲ್ಲಿದ್ದವು ಅಷ್ಟೂ ಅವನವೇ ಹಲ್ಲುಗಳು, ಒಂದೂ ಅಲ್ಲಾಡಿರಲಿಲ್ಲ. ಆದರೂ ಆ ಒಂದು ತುತ್ತನ್ನು ಅಗಿದು ನುಂಗುವುದರಲ್ಲಿ ಉಳಿದವರ ಊಟ ಮುಗಿದು, ಅತ್ತಿಗೆ ತಟ್ಟೆಗಳನ್ನು ತೆಗೆಯತೊಡಗಿದ್ದಳು.